ನನ್ನ ಸಿಟ್ಟನ್ನು ನೀನು ಹೊರಬೇಡ, ಪುಟ್ಟು

ಸರಸ್ವತಿಪುರಂ, ಮೈಸೂರು

ಚಿರಂಜೀವಿ ಪುಟ್ಟುವಿಗೆ ನಿನ್ನ ಚಿಕ್ಕಪ್ಪನ ಆಶೀರ್ವಾದಗಳು.

ನಾವಿಬ್ಬರೂ ಇಲ್ಲಿ ಕ್ಷೇಮ. ನಿಮ್ಮ ಚಿಕ್ಕಮ್ಮನ ಮಂಡಿನೋವು ಈಗ ಕಡಿಮೆ ಆಗಿದೆ. ಪಾಪುವಿಗೆ ಹಲ್ಲು ಬಂತು ಅಂತ ಕೇಳಿ ಇಬ್ಬರಿಗೂ ಸಂತೋಷವಾಯಿತು.

ಭಾನುವಾರ ಫೋನಿನಲ್ಲಿ ನೀನು ಹೇಳಿದ ಒಂದು ಮಾತು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. "ಕಾರು ನೋಡಿದೆ ಚಿಕ್ಕಪ್ಪ, ಓಡಿಸಿಯೂ ನೋಡಿದೆ. ನಮ್ಮಿಬ್ಬರಿಗೂ ಇಷ್ಟ ಆಯ್ತು. ಆದರೆ ಅದು ನೀವು ಬೇಡ ಅಂದ ಕಂಪನಿಯದು. ಅದಕ್ಕೇ ಬಿಟ್ಟೆ" ಅಂದೆ. ನಾನು ಹೂಂ ಅಂದು ಫೋನಿಟ್ಟೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಬದಲಿಗೆ ನೀನು ತಗೊಳ್ಳಲು ಹೊರಟಿರುವ ಕಾರಿನ ಹಿಂದಿನ ಸೀಟು ಇಕ್ಕಟ್ಟು, ಕ್ರ್ಯಾಶ್ ಟೆಸ್ಟಿನಲ್ಲೂ ಸ್ಟಾರ್ ಕಡಿಮೆ ಅಂತ ನೀನೇ ಹೇಳಿದೆ. ನನ್ನ ಮಾತಿಗೆ ಮರ್ಯಾದೆ ಕೊಡಲು ಹೋಗಿ ನಿನ್ನ ಹೆಂಡತಿ, ಮಗುವನ್ನು ಅದರಲ್ಲಿ ಕೂರಿಸುತ್ತೀಯಾ? ಇದನ್ನು ಫೋನಿನಲ್ಲಿ ಹೇಳಿ ಮುಗಿಸಲು ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

2003ರ ಆ ದಿನ ನಿನಗೆ ನೆನಪಿದೆ. ನೀನು ಮೂರನೇ ಕ್ಲಾಸು. ಮದ್ದೂರಿನಲ್ಲಿ ಮದುವೆ. ನಾನು ಆ ಕಂಪನಿಯ ಕಾರು ತಂದು ಇನ್ನೂ ನಾಲ್ಕು ತಿಂಗಳು ಆಗಿರಲಿಲ್ಲ. ನಮ್ಮ ದೇಶದ್ದೇ ದೊಡ್ಡ ಕಂಪನಿ ಅಂತ ಹೆಮ್ಮೆಯಿಂದ ತಂದಿದ್ದೆ. ಶ್ರೀರಂಗಪಟ್ಟಣ ದಾಟಿ ಗಣಂಗೂರು ಹತ್ತಿರ ಬರುವಷ್ಟರಲ್ಲಿ ಬಾನೆಟ್‌ನಿಂದ ಹಬೆ ಬಂತು. ನೀನೂ ನಿಮ್ಮಮ್ಮನೂ ಹುಣಸೆ ಮರದ ಕೆಳಗೆ ಎರಡು ಗಂಟೆ ಕೂತಿದ್ದಿರಿ. ಮುಹೂರ್ತ ತಪ್ಪಿತು.

ನಿನಗೆ ಗೊತ್ತಿರುವುದು ಅಷ್ಟೇ. ಆಮೇಲೆ ನಡೆದದ್ದನ್ನು ನಾನು ಯಾರಿಗೂ ಪೂರ್ತಿ ಹೇಳಿಲ್ಲ. ಗಾಡಿ ಹತ್ತೊಂಬತ್ತು ದಿನ ಸರ್ವಿಸ್ ಸೆಂಟರಿನಲ್ಲಿ ನಿಂತಿತ್ತು. ನಾನು ದಿನಾ ಡ್ಯೂಟಿ ಮುಗಿಸಿಕೊಂಡು ಹೋಗುತ್ತಿದ್ದೆ. "ಇಂಥ ಕಂಪ್ಲೇಂಟ್ ನಮಗೆ ಯಾವತ್ತೂ ಬಂದಿಲ್ಲ ಸಾರ್, ನೀವು ಓಡಿಸುವ ರೀತಿ ಸರಿ ಇಲ್ಲ" ಅಂದರು. ಅಂಗಳದಲ್ಲಿ ನನ್ನ ಕಾರಿನ ಪಕ್ಕದಲ್ಲೇ ಅದೇ ಮಾಡೆಲ್ಲಿನ ಇನ್ನೊಂದು ಕಾರು ಬಾನೆಟ್ ತೆಗೆದು ನಿಂತಿತ್ತು. ಅದರ ಯಜಮಾನರನ್ನು ಕೇಳಿದೆ. ಅದೇ ತೊಂದರೆ. ಅವರಿಗೂ ಅದೇ ಮಾತು ಹೇಳಿದ್ದರು.

ಕೊನೆಗೆ ಬನ್ನಿಮಂಟಪದ ಕಡೆ ಒಬ್ಬ ಮೇಸ್ತ್ರಿ ಎಂಜಿನ್ ಒಳಗಿನ ಸೀಲು, ಅಂದರೆ ಹೆಡ್ ಗ್ಯಾಸ್ಕೆಟ್, ಬದಲಿಸಿಕೊಟ್ಟರು. ಆಮೇಲೆ ಆ ಕಾರು ಒಂಬತ್ತು ವರ್ಷ ಓಡಿತು, ಪುಟ್ಟು. ಈ ಮಾತನ್ನು ನಾನು ಒಂದು ಮದುವೆಯಲ್ಲೂ, ಒಂದು ನಾಮಕರಣದಲ್ಲೂ ಹೇಳಲಿಲ್ಲ. ಹಬೆ ಬಂದದ್ದನ್ನು ಮಾತ್ರ ಎಲ್ಲರಿಗೂ ಹೇಳಿದೆ. ನನ್ನ ಮಾತು ಕೇಳಿ ನಮ್ಮ ಕಡೆಯವರು ಆರು ಜನ ಆ ಕಂಪನಿಯ ಕಡೆ ತಿರುಗಿ ನೋಡಲಿಲ್ಲ. ಈಗ ನೀನು ಏಳನೆಯವನು.

ನನಗೆ ನೋವಾದದ್ದು ಎಂಜಿನ್ ಬಿಸಿಯಾದದ್ದಕ್ಕಲ್ಲ. ಯಂತ್ರ ಅಂದಮೇಲೆ ಕೆಡುತ್ತದೆ. ಎದುರಿಗೆ ನಿಂತು ಸುಳ್ಳು ಹೇಳಿದರಲ್ಲ, ತಪ್ಪನ್ನು ನನ್ನ ತಲೆಗೆ ಕಟ್ಟಿದರಲ್ಲ, ಅದಕ್ಕೆ. ನನ್ನ ಸಿಟ್ಟೆಲ್ಲ ಕಾರಿನ ಮುಂದಿದ್ದ ಲೋಗೋ ಮೇಲೆ ಹೋಯಿತು. ಆದರೆ ಸುಳ್ಳು ಹೇಳಿದ್ದು ಡೀಲರ್ ಕಡೆಯ ಮನುಷ್ಯ. ಡೀಲರ್ ಅಂದರೆ ಬೇರೆಯೇ ಮಾಲೀಕ, ಬೇರೆಯೇ ವ್ಯಾಪಾರ. ವಾರಂಟಿಯಲ್ಲಿ ಅವನು ಮಾಡಿದ ಕೆಲಸದ ದುಡ್ಡನ್ನು ಕಂಪನಿಯಿಂದ ಕೇಳಿ ತಗೊಳ್ಳಬೇಕು. ಕಂಪನಿ ಒಪ್ಪದಿದ್ದರೆ ನಷ್ಟ ಅವನ ಮೇಲೆ. ಗಿರಾಕಿಯದ್ದೇ ತಪ್ಪು ಅಂದುಬಿಟ್ಟರೆ ಅವನಿಗೆ ಸುಲಭ. ಹಾಗಂತ ಕಂಪನಿ ಪೂರ್ತಿ ನಿರಪರಾಧಿ ಅಂತ ನಾನು ಹೇಳುವುದಿಲ್ಲ. ತನ್ನ ಬೋರ್ಡು ಹಾಕಿಕೊಂಡವನು ಹೇಗೆ ನಡೆದುಕೊಳ್ಳುತ್ತಾನೆ ಅಂತ ನೋಡುವುದು ಅದರ ಜವಾಬ್ದಾರಿಯೇ. ಆದರೆ 2003ರಲ್ಲಿ ಒಂದು ಅಂಗಳದಲ್ಲಿ ನಡೆದದ್ದಕ್ಕೂ ನೀನು ಈಗ ಓಡಿಸಿ ನೋಡಿದ ಕಾರಿಗೂ ಏನು ಸಂಬಂಧ? ಆ ಎಂಜಿನ್ ಇಲ್ಲ, ಆ ಮಾಡೆಲ್ ಇಲ್ಲ. ಆ ಡೀಲರ್ ಕೂಡ ಬಾಗಿಲು ಹಾಕಿ ಎಷ್ಟೋ ವರ್ಷವಾಯಿತು.

ಒಂದು ಕಂಪನಿ ಅಂದರೆ ಎಲ್ಲ ಕಾಲಕ್ಕೂ ಒಂದೇ ಗುಣ ಅಂತ ತಿಳಿಯಬೇಡ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಅನ್ನುವ, ಕಾರುಗಳ ಸುರಕ್ಷತೆ ಪರೀಕ್ಷಿಸುವ ಸಂಸ್ಥೆಯವರು ನಮ್ಮ ದೇಶದಲ್ಲಿ ಮಾರುತ್ತಿದ್ದ ಐದು ಕಾರುಗಳನ್ನು ಗುದ್ದಿಸಿ ನೋಡಿದರು. ಮಾರುತಿ ಆಲ್ಟೋ 800, ಟಾಟಾ ನ್ಯಾನೋ, ಹ್ಯುಂಡೈ ಐ10, ಫೋರ್ಡ್ ಫಿಗೋ, ಫೋಕ್ಸ್‌ವ್ಯಾಗನ್ ಪೋಲೋ. ಏರ್‌ಬ್ಯಾಗ್ ಇಲ್ಲದ ಕಡಿಮೆ ಬೆಲೆಯ ಮಾಡೆಲ್‌ಗಳು. ಐದಕ್ಕೂ ದೊಡ್ಡವರ ರಕ್ಷಣೆಗೆ ಸಿಕ್ಕಿದ್ದು ಸೊನ್ನೆ ಸ್ಟಾರ್. ನಮ್ಮವರು, ಹೊರಗಿನವರು ಅನ್ನುವ ಭೇದವೇ ಇರಲಿಲ್ಲ. ಅದೇ ಪೋಲೋಗೆ ಎರಡು ಏರ್‌ಬ್ಯಾಗ್ ಹಾಕಿ ಪರೀಕ್ಷೆ ಮಾಡಿದಾಗ ನಾಲ್ಕು ಸ್ಟಾರ್ ಬಂತು. ಅದೇ ಹೆಸರು, ಅದೇ ಆಕಾರ! ಆಮೇಲೆ 2018ರ ಡಿಸೆಂಬರ್‌ನಲ್ಲಿ ಟಾಟಾ ನೆಕ್ಸಾನ್‌ಗೆ ಐದು ಸ್ಟಾರ್ ಸಿಕ್ಕಿತು. ಸಣ್ಣ ಕಾರು, ತೆಳು ತಗಡು ಅಂತ ಜನ ಆಡಿಕೊಳ್ಳುತ್ತಿದ್ದ ಮಾರುತಿಯ ಡಿಜೈರ್‌ಗೂ 2024ರ ನವೆಂಬರ್‌ನಲ್ಲಿ ಐದು ಬಂತು. ನ್ಯಾನೋ ನೋಡಿ ಟಾಟಾ ಬೇಡ ಅಂದವನೂ ತಪ್ಪಿದ, ಆಲ್ಟೋ ನೋಡಿ ಮಾರುತಿ ಬೇಡವೇ ಬೇಡ ಅಂದವನೂ ತಪ್ಪಿದ.

ಸ್ಟಾರ್ ವಿಷಯದಲ್ಲಿ ಇನ್ನೊಂದು ಮಾತು. ದೊಡ್ಡವರಿಗೆ ಬೇರೆ, ಮಕ್ಕಳಿಗೆ ಬೇರೆ ಅಂಕ ಕೊಡುತ್ತಾರೆ. 2018ರ ಆ ನೆಕ್ಸಾನ್‌ಗೆ ದೊಡ್ಡವರ ರಕ್ಷಣೆಗೆ ಐದು, ಮಕ್ಕಳ ರಕ್ಷಣೆಗೆ ಮೂರು. 2024ರಲ್ಲಿ ಮತ್ತೆ ಪರೀಕ್ಷೆ ಮಾಡಿದಾಗ ಎರಡಕ್ಕೂ ಐದು. ಜಾಹೀರಾತಿನಲ್ಲಿ ದೊಡ್ಡ ಅಂಕಿ ಮಾತ್ರ ಕಾಣುತ್ತದೆ. ನೀನು ಪಾಪುವಿನ ಅಂಕ ನೋಡು. 2023ರ ಅಕ್ಟೋಬರ್‌ನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಕೂಡ ಇದೆ. ಮುಂದಿನಿಂದ ಗುದ್ದಿಸುವ ಪರೀಕ್ಷೆ ನಡೆಯುವುದು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ. ನಮ್ಮ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ ವೇಗದ ಮಿತಿಯೇ ನೂರು ಇದೆ. ಐದು ಸ್ಟಾರ್ ಇದೆ ಅಂತ ಕಾಲು ಒತ್ತಬೇಡಪ್ಪ.

2023ರ ಆಗಸ್ಟ್‌ನಲ್ಲಿ ಆ ರಸ್ತೆಯಲ್ಲಿ ಬೈಕು, ಆಟೋ ನಿಲ್ಲಿಸಿದ ಮೇಲೆ ನೀನು ಮಂಡ್ಯದಿಂದ ಸರ್ವಿಸ್ ರೋಡಿನಲ್ಲಿ ಎಷ್ಟು ಒದ್ದಾಡುತ್ತಿದ್ದೀಯ ಅಂತ ನನಗೆ ಗೊತ್ತು. ನಿನಗೆ ಕಾರು ಶೋಕಿಗೆ ಬೇಕಾಗಿದ್ದಲ್ಲ.

ನಿಮ್ಮಪ್ಪ ಇದ್ದಿದ್ದರೆ "ಗಾಡಿ ಅಂದರೆ ಯೆಜ್ಡಿ" ಅಂತ ಶುರು ಮಾಡುತ್ತಿದ್ದ. ಆ ಬೈಕಿನ ಕಿಕ್ಕರೇ ಗೇರ್ ಲಿವರ್ ಕೂಡ ಅಂತ ಬಂದವರಿಗೆಲ್ಲ ತೋರಿಸುತ್ತಿದ್ದ. ಅಣ್ಣನ ಅಭಿಮಾನ ಕುರುಡಾಗಿರಲಿಲ್ಲ. ಅದನ್ನು ತಯಾರಿಸುತ್ತಿದ್ದ, ಇಲ್ಲೇ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಕೆಲಸ ಮಾಡುವವರು ನಮ್ಮ ಬೀದಿಯಲ್ಲೇ ಇದ್ದರು. ಗಾಡಿಯಲ್ಲಿ ಏನೋ ಸದ್ದು ಬಂದರೆ ಸಂಜೆ ಅವರ ಮನೆ ಜಗಲಿಯಲ್ಲಿ ಕೂತು ಕೇಳುತ್ತಿದ್ದ. ಅವರು ಎದ್ದು ಬಂದು ನೋಡುತ್ತಿದ್ದರು. ತಯಾರಿಸಿದವನ ಮುಖ ಗೊತ್ತಿತ್ತು, ಆ ಮುಖದ ಮೇಲೆ ನಂಬಿಕೆ ಇತ್ತು. 1961ರಲ್ಲಿ ಗಾಡಿ ತಯಾರಿಸಲು ಶುರು ಮಾಡಿದ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. 2018ರಲ್ಲಿ ಜಾವಾ ಹೆಸರು ಮತ್ತೆ ಬಂತು, 2022ರಲ್ಲಿ ಯೆಜ್ಡಿ ಹೆಸರೂ ಬಂತು. ಈಗ ಅವು ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ಹೊಸ ಗಾಡಿ ಚೆನ್ನಾಗಿರಬಹುದು. ಆದರೆ ನಿಮ್ಮಪ್ಪ ನಂಬಿದ್ದು ಟ್ಯಾಂಕಿನ ಮೇಲಿನ ಅಕ್ಷರವನ್ನಲ್ಲ, ಅದರ ಹಿಂದಿದ್ದ ಜನರನ್ನು.

ಈಗ ನಿನ್ನ ಬಾಮೈದ ಆಡುವ ಅಭಿಮಾನ ನನಗೆ ಅರ್ಥ ಆಗುವುದಿಲ್ಲ. ಸಿನಿಮಾ ಹೀರೋಗಳ ಅಭಿಮಾನಿಗಳ ಥರ ಕಂಪನಿಗೆ ಜೈ ಅನ್ನುತ್ತಾನೆ. ಇನ್ನೊಂದು ಕಂಪನಿಯ ಕಾರು ತಗೊಂಡವನು ದೇಶದ್ರೋಹಿ ಅನ್ನುವ ಹಾಗೆ ಮಾತಾಡುತ್ತಾನೆ. ಯಾವುದು ದೇಶದ್ದು, ಯಾವುದು ಹೊರಗಿನದ್ದು? ಮಾರುತಿಯಲ್ಲಿ 2002ರಿಂದ ಹೆಚ್ಚಿನ ಪಾಲು ಜಪಾನಿನ ಸುಜುಕಿಯದು. ಇಂಗ್ಲೆಂಡಿನ ಜಾಗ್ವಾರ್ 2008ರಿಂದ ಟಾಟಾದವರದು. ಬಿಡದಿಯ ಟೊಯೊಟಾ ಹೆಸರು ಜಪಾನಿನದು, ಒಳಗೆ ನಟ್ಟು ಬಿಗಿಯುವವರಲ್ಲಿ ನಮ್ಮ ರಾಮನಗರ, ಮಂಡ್ಯ ಕಡೆಯ ಹುಡುಗರಿದ್ದಾರೆ. ಅದೇ ಟೊಯೊಟಾ 2019ರಿಂದ ಗ್ಲಾಂಜಾ ಅಂತ ಮಾರುತ್ತಿರುವುದು ಮಾರುತಿಯ ಬಲೆನೋ ಕಾರನ್ನೇ. ಅದು ತಯಾರಾಗುವುದು ಗುಜರಾತಿನಲ್ಲಿ. ಒಂದೇ ಕಾರು, ಎರಡು ಹೆಸರು. ಒಂದನ್ನು ಹೊಗಳಿ ಇನ್ನೊಂದನ್ನು ಬೈಯುವವರನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಹೊರಗಿನ ಹೆಸರಾದರೆ ಭದ್ರ ಅಂತ ನಾನೂ ತುಂಬಾ ವರ್ಷ ನಂಬಿದ್ದೆ. ಜನರಲ್ ಮೋಟರ್ಸ್‌ನವರು 2017ರ ಕೊನೆಗೆ ಇಲ್ಲಿ ಷೆವ್ರೊಲೆ ಮಾರುವುದನ್ನು ನಿಲ್ಲಿಸಿದರು. 2021ರಲ್ಲಿ ಫೋರ್ಡ್ ಕೂಡ ಇಲ್ಲಿ ಕಾರು ತಯಾರಿಸುವುದಿಲ್ಲ ಅಂದಿತು. ಅವು ಕೆಟ್ಟ ಕಾರುಗಳೇನೂ ಅಲ್ಲ. ಆದರೆ ಹತ್ತು ವರ್ಷ ಇಟ್ಟುಕೊಳ್ಳುವ ನಮ್ಮಂಥವರು ನಾಳೆ ಪಾರ್ಟು ಎಲ್ಲಿ ಸಿಗುತ್ತದೆ ಅಂತಲೂ ಯೋಚಿಸಬೇಕು.

ಸರಿ, ನೀನು ಮಾಡಬೇಕಾದ್ದು ಹೇಳುತ್ತೇನೆ. ಶನಿವಾರ ಬೆಳಗ್ಗೆ ಆ ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗು. ಶೋರೂಮಿಗಲ್ಲ. ಗಾಡಿ ಬಿಡುವ ಜಾಗದಲ್ಲಿ ಒಂದು ಗಂಟೆ ಸುಮ್ನೆ ನಿಲ್ಲು. ಜನ ಜಗಳ ಆಡುತ್ತಿದ್ದಾರಾ, ಸರ್ವಿಸ್ ಅಡ್ವೈಸರ್ ಎದ್ದು ಬಂದು ಗಾಡಿ ನೋಡುತ್ತಾನಾ, ಕೂತಲ್ಲೇ ಉತ್ತರ ಕೊಡುತ್ತಾನಾ, ಎಲ್ಲ ಗಮನಿಸು. ಅದೇ ಮಾಡೆಲ್ ತಗೊಂಡು ಒಂದೂವರೆ ವರ್ಷ ಆದವರು ಮೂರು ಜನರನ್ನು ಹುಡುಕು. ಮೊದಲ ತಿಂಗಳು ಎಲ್ಲ ಕಾರೂ ಚೆನ್ನ. ಮಾಡೆಲ್ ಹೊಸದಾಗಿ ಬಂದದ್ದಾದರೆ ಆರು ತಿಂಗಳು ಕಾಯಿ. ಮೊದಲ ಬ್ಯಾಚಿನ ಕಷ್ಟ ನಾನು ಅನುಭವಿಸಿದ್ದು ಸಾಕು.

ಇನ್ನು ಇದನ್ನು ಮರೆಯಲೇಬೇಡ. ಹೋದ ವಾರ ಬೀರುವಿನಿಂದ 2003ರ ಆ ಜಾಬ್ ಕಾರ್ಡ್, ಅಂದರೆ ಸರ್ವಿಸ್ ಸೆಂಟರಿನವರು ಗಾಡಿಯ ದೂರು ಬರೆದುಕೊಳ್ಳುವ ಕಾಗದ, ತೆಗೆದು ನೋಡಿದೆ. ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಸಾಕ್ಷಿ ಅಂತ ಜೋಪಾನವಾಗಿ ಇಟ್ಟಿದ್ದೆ. ದೂರು ಬರೆಯುವ ಜಾಗದಲ್ಲಿ "ಜನರಲ್ ಚೆಕಪ್" ಅಂತ ಮಾತ್ರ ಇದೆ. ಎಂಜಿನ್ ಬಿಸಿಯಾದದ್ದು, ಹಬೆ ಬಂದದ್ದು ಒಂದಕ್ಷರ ಇಲ್ಲ. ಕೆಳಗೆ ನನ್ನ ಸಹಿ! ನಾನು ಓದದೆ ಸಹಿ ಹಾಕಿದ್ದೆ. ನೀನು ಹಾಗೆ ಮಾಡಬೇಡ. ಏನಾಯಿತು, ಎಷ್ಟು ಕಿಲೋಮೀಟರ್ ಆದಾಗ ಆಯಿತು, ನಿನ್ನ ಮಾತಿನಲ್ಲೇ ಜಾಬ್ ಕಾರ್ಡಿನಲ್ಲಿ ಬರೆಸು. ಬರೆಯಲ್ಲ ಅಂದರೆ ಗಾಡಿ ಬಿಡಬೇಡ. ಪ್ರತಿ ಸಲವೂ ಫೋಟೋ ತೆಗೆದಿಟ್ಟುಕೋ.

ಆ ಕಾಗದ ಕೈಯಲ್ಲಿದ್ದರೆ ಈಗ ದಾರಿ ಇದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ನೀನು ಇರುವ ಊರಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕಂಪನಿ ಇರುವ ಊರಿಗೆ ಅಲೆಯಬೇಕಾಗಿಲ್ಲ, ಮಂಡ್ಯದಲ್ಲೇ ಆಗುತ್ತದೆ. ತೊಂದರೆ ಆದ ಎರಡು ವರ್ಷದೊಳಗೆ ಕೊಡಬೇಕು. ಮೊದಲು ಗ್ರಾಹಕ ಸಹಾಯವಾಣಿಯ 1915 ನಂಬರಿಗೆ ಫೋನ್ ಮಾಡಿ ಸಹಾಯ ಕೇಳಬಹುದು. ಅದೇ 2019ರಲ್ಲಿ ಮೋಟಾರು ವಾಹನ ಕಾಯ್ದೆಗೂ ತಿದ್ದುಪಡಿ ಆಗಿ, ದೋಷ ಇರುವ ಗಾಡಿಗಳನ್ನು ವಾಪಸ್ ಕರೆಸಿ ಸರಿಮಾಡಿಕೊಡಿ ಅಂತ ಕಂಪನಿಗೆ ಹೇಳುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಬಂದಿದೆ. ಯಾವುದಾದರೂ ಕಂಪನಿ ತಾನಾಗಿಯೇ ಗಾಡಿ ವಾಪಸ್ ಕರೆಸಿದರೆ, "ನೋಡು, ಡಬ್ಬಾ ಕಾರು" ಅಂತ ಜನ ನಗುತ್ತಾರೆ. ನಾನು ಹಾಗೆ ಅನ್ನುವುದಿಲ್ಲ. ತಪ್ಪು ಒಪ್ಪಿಕೊಂಡು ಕರೆದವನ ಮೇಲೆ ನನಗೆ ಗೌರವ ಜಾಸ್ತಿ. 2003ರಲ್ಲಿ ನನ್ನನ್ನು ಯಾರಾದರೂ ಹಾಗೆ ಕರೆದಿದ್ದರೆ ಈ ಪತ್ರ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.

ಬರುವ ಭಾನುವಾರ ಆ ಕಾರನ್ನು ಇನ್ನೊಂದು ಸಲ ಓಡಿಸಲು ಕೇಳು. ನಾನೂ ನಿಮ್ಮ ಚಿಕ್ಕಮ್ಮನೂ ಬೆಳಗಿನ ರೈಲಿಗೆ ಮಂಡ್ಯಕ್ಕೆ ಬರುತ್ತೇವೆ. ಒಬ್ಬನೇ ಓಡಿಸಿದರೆ ಏನೂ ಗೊತ್ತಾಗುವುದಿಲ್ಲ. ಎಲ್ಲರೂ ಕೂರೋಣ. ಎಕ್ಸ್‌ಪ್ರೆಸ್‌ವೇ ಬೇಡ, ಕಬ್ಬಿನ ಟ್ರ್ಯಾಕ್ಟರ್ ಓಡಾಡಿ ಹಳ್ಳ ಬಿದ್ದಿರುವ ಯಾವುದಾದರೂ ಹಳ್ಳಿ ರಸ್ತೆಗೆ ಹೋಗೋಣ. ನಾನು ಹಿಂದಿನ ಸೀಟಿನಲ್ಲಿ ಪಾಪುವಿನ ಪಕ್ಕ ಕೂರುತ್ತೇನೆ. ಮಕ್ಕಳ ಸೀಟು ಕೂರಿಸುವ ಕೊಕ್ಕೆ ಎಲ್ಲಿದೆ, ಮಧ್ಯದವರಿಗೂ ಬೆಲ್ಟ್ ಸರಿಯಾಗಿ ಬರುತ್ತದಾ ಅಂತ ನನ್ನ ಕೈಯಾರೆ ನೋಡಬೇಕು. ಅಮ್ಮನಿಗೆ ನಮಸ್ಕಾರ ಹೇಳು. ಅವರೂ ಬರಲಿ.

ಇತಿ,
ನಿನ್ನ ಚಿಕ್ಕಪ್ಪ