ಮನೆಯಷ್ಟು ದೊಡ್ಡ ಜಿಗಣೆ

ಪ್ರೀತಿಯ ಹುಡುಗಿ,

ನಿನ್ನ ಕಥೆ ಬಂತು, ಜೊತೆಗಿದ್ದ ಚೀಟಿಯೂ. 'ನನಗೆ ಬರೆಯೋಕೆ ಬರಲ್ಲ' ಅಂದಿದ್ದೀಯ. ಬರುತ್ತೆ, ಸುಮ್ನಿರು. ಕಾಗುಣಿತ, ಪ್ಯಾರಾ ಎಲ್ಲ ಆಮೇಲೆ ಸರಿಹೋಗುತ್ತೆ. ನನ್ನ ತಕರಾರು ಒಂದೇ ಪದದ ಮೇಲೆ: 'ದೈತ್ಯಾಕಾರದ'. 11 ಪುಟದಲ್ಲಿ 17 ಸಲ. ಎಣಿಸಿದೆ.

ಅಮೆರಿಕದ ಮೂಲನಿವಾಸಿಗಳಾದ ಚೆರೋಕಿಗಳ ಉಕ್ತೇನ ಹಾವನ್ನು ಕಥೆಗೆ ತಂದದ್ದು ಖುಷಿಯಾಯಿತು. ಆದರೆ ಅವರು ಅದನ್ನು ಹೇಗೆ ಹೇಳುತ್ತಾರೆ ನೋಡು. ಮರದ ಬೊಡ್ಡೆಯಷ್ಟು ದಪ್ಪ. ತಲೆಗೆ ಕೊಂಬು, ಹಣೆಯಲ್ಲಿ ಉರಿಯುವಂಥ ಹರಳು, ಮೈಮೇಲೆ ಬಣ್ಣದ ಬಳೆಗಳು. ತಲೆಯಿಂದ ಏಳನೆಯ ಬಳೆಗೆ ಬಾಣ ತಾಗಿದರೆ ಮಾತ್ರ ಸಾಯುತ್ತದೆ. ಹೆದರಿ ನಡುಗುತ್ತಿರುವವನು ಹಾವಿನ ಬಳೆ ಎಣಿಸಬೇಕು! ನೀನು ಆ ಎಣಿಕೆಯನ್ನೇ ಬಿಟ್ಟು, ಹರಳನ್ನು ನಾಗಮಣಿ ಮಾಡಿಬಿಟ್ಟಿದ್ದೀಯ. ನಾಗಮಣಿ ನಮ್ಮದು ಮಾರಾಯ್ತಿ, ಇಲ್ಲೇ ಇರಲಿ. ಅವರದು ಉಲುನ್ಸೂತಿ. ಅದಕ್ಕೆ ಏಳು ದಿನಕ್ಕೊಮ್ಮೆ ಬೇಟೆಯ ರಕ್ತ ಉಣಿಸಬೇಕು. ಮರೆತರೆ ರಾತ್ರಿ ಬೆಂಕಿಯಾಗಿ ಹಾರಿಬಂದು, ಇಟ್ಟುಕೊಂಡವನ ರಕ್ತವನ್ನೇ ಕುಡಿಯುತ್ತದೆ.

ಇನ್ನು ನಿನ್ನ ಕಥೆಯ ಜಿಗಣೆ, ಅದೂ ಚೆರೋಕಿಗಳದೇ. ನಾರ್ತ್ ಕ್ಯಾರೊಲೈನಾದ ಮರ್ಫಿಯಲ್ಲಿ, ವ್ಯಾಲಿ ನದಿ ಹೈವಾಸಿಗೆ ಸೇರುವ ಕಡೆ ಅದರ ಮನೆ. ಮನೆಯಷ್ಟು ದೊಡ್ಡದು, ಕೆಂಪು ಬಿಳಿ ಪಟ್ಟೆ. ನೀರು ಕುದ್ದೆದ್ದು ದಾಟುವವರನ್ನು ಎಳೆದೊಯ್ಯುತ್ತಿತ್ತು. ಆಮೇಲೆ ದಡದಲ್ಲಿ ಹೆಣ ಸಿಗುತ್ತಿತ್ತು, ಮೂಗು ಕಿವಿ ಇರುತ್ತಿರಲಿಲ್ಲ. ಅಷ್ಟು ದೊಡ್ಡ ಪ್ರಾಣಿ, ತಿಂದದ್ದು ಇಷ್ಟೇ! ಓದಿದ ರಾತ್ರಿ ನಾನು ಎರಡು ಸಲ ಕಿವಿ ಮುಟ್ಟಿಕೊಂಡೆ.

ಈ ಕಥೆಗಳನ್ನು ಜೇಮ್ಸ್ ಮೂನಿ ಎಂಬ ಅಮೆರಿಕನ್ ಸಂಶೋಧಕ 1900ರಲ್ಲಿ ಅಚ್ಚು ಹಾಕಿಸಿದ್ದು. ಹೆಚ್ಚಿನವನ್ನು ಅವನಿಗೆ ಹೇಳಿದವನು ಅಯುನಿನಿ ಎಂಬ ಚೆರೋಕಿ. ಇಂಗ್ಲಿಷ್ ಬಾರದ ಮನುಷ್ಯ. 1899ರಲ್ಲೇ ತೀರಿಕೊಂಡ, ಪುಸ್ತಕ ನೋಡಲಿಲ್ಲ.

ನಾನೂ ನಿನ್ನ ಹಾಗೇ ಇದ್ದೆ. ನನ್ನ ಮೊದಲ ಕಥೆಯ ರಾಕ್ಷಸ 'ಬೆಟ್ಟದಂಥವನು'. ಸಂಪಾದಕರೊಬ್ಬರು 'ಭವ್ಯ ಕಲ್ಪನೆ' ಅಂತ ಹೊಗಳಿದರು. ಆ ಹೊಗಳಿಕೆ ನನ್ನ ಹತ್ತು ವರ್ಷ ತಿಂದಿತು. ಅವರ ಮೇಲಿನ ಸಿಟ್ಟು ಇನ್ನೂ ಆರಿಲ್ಲ. ಅಮ್ಮ ಮಾತ್ರ ಓದಿ ಕೇಳಿದ್ದಳು, 'ಅಲ್ಲ, ಅವನು ಅಡುಗೆಮನೆ ಬಾಗಿಲಲ್ಲಿ ಹೇಗೆ ತೂರಿದ?' ನಾನು ಮುನಿಸಿಕೊಂಡು ಊಟ ಬಿಟ್ಟಿದ್ದೆ.

ಜಿಗಣೆ ಚರ್ಮ ಸುಲಿದು ಕಾಲಿಗೆ ಪಟ್ಟಿ ಕಟ್ಟಿಕೊಳ್ತೀನಿ ಅಂತ ಹಾಡುತ್ತಾ ನೀರಿಗಿಳಿದವನೊಬ್ಬ ಇದ್ದಾನಲ್ಲ, ಅವನನ್ನು ಯಾಕೆ ಬಿಟ್ಟೆ? ಸೇರಿಸಿ ಮತ್ತೆ ಬರಿ. ಯುಗಾದಿಯೊಳಗೆ ಕಳಿಸು. ನನ್ನ ಕಣ್ಣು ಮಂಜಾಗಿದೆ, ಅಕ್ಷರ ಮಾತ್ರ ದೈತ್ಯಾಕಾರದಲ್ಲೇ ಇರಲಿ.