ಹ್ಯಾರಿಸ್ ಪಾರ್ಕ್‌ನಲ್ಲೇ ಯಾಕೆ, ಕ್ರೊನುಲ್ಲಾದಲ್ಲಿ ಯಾಕಿಲ್ಲ?

ಸಂಪಾದಕರಿಗೆ ನಮಸ್ಕಾರ,

ಸಿಡ್ನಿಯ ಭಾರತೀಯರು ಬೇಕಂತಲೇ ಹ್ಯಾರಿಸ್ ಪಾರ್ಕ್‌ನಂಥ ಬಡಾವಣೆಗಳಲ್ಲಿ ಒಂದೇ ಕಡೆ ಗುಂಪು ಕಟ್ಟಿಕೊಂಡು ಇರುತ್ತಾರೆ ಎಂಬ ಮಾತನ್ನು ನಿಮ್ಮ ಪತ್ರಿಕೆಯಲ್ಲೂ ಓದಿದೆ. ಹೀಗೆ ಬರೆಯುವವರು ಇಲ್ಲಿ ಬಾಡಿಗೆ ಮನೆ ಹುಡುಕಿಲ್ಲ ಅನ್ನಿಸುತ್ತೆ.

ಜನ ದೇವಸ್ಥಾನ ನೋಡಿಕೊಂಡು ಮನೆ ಮಾಡುವುದಾದರೆ ನಾವೆಲ್ಲ ಸಿಡ್ನಿಯ ದಕ್ಷಿಣಕ್ಕೆ ದೂರದಲ್ಲಿರುವ ಹೆಲೆನ್ಸ್‌ಬರ್ಗ್‌ನಲ್ಲಿ ಇರಬೇಕಿತ್ತು. ಅಲ್ಲಿನ ವೆಂಕಟೇಶ್ವರ ದೇವಸ್ಥಾನ 1980ರ ದಶಕದ್ದು, ಊರಿಂದ ಬಂದ ಅಪ್ಪ ಅಮ್ಮನನ್ನು ಎಲ್ಲರೂ ಅಲ್ಲಿಗೆ ಕರೆದುಕೊಂಡು ಹೋಗುತ್ತಾರೆ. ದರ್ಶನ ಆಯ್ತು, ಕ್ಯಾಂಟೀನಿನ ದೋಸೆ ಆಯ್ತು, ಕಾರು ವಾಪಸ್ ನಾವಿರುವ ವೆಸ್ಟ್‌ಮೀಡ್ ಕಡೆಗೇ.

ಹೊಸದಾಗಿ ಬಂದವರಿಗೆ ಮನೆ ಸಿಗುವುದೇ ಕಷ್ಟ. ಏಜೆಂಟರು ಹಿಂದಿನ ಬಾಡಿಗೆ ಮನೆಯ ದಾಖಲೆ, ಸಂಬಳದ ಚೀಟಿ ಕೇಳುತ್ತಾರೆ. ಮೊನ್ನೆ ವಿಮಾನ ಇಳಿದ ಹುಡುಗ ಎಲ್ಲಿಂದ ತರಬೇಕು? ಪರಿಚಯದವರ ಫ್ಲ್ಯಾಟಿನ ಹಾಲ್‌ನಲ್ಲಿ ಹಾಸಿಗೆ ಹಾಸಿಕೊಳ್ಳುತ್ತಾನೆ, ಆಮೇಲೆ ಅದೇ ಬೀದಿಯಲ್ಲಿ ರೂಮು ಹಿಡಿಯುತ್ತಾನೆ, ಮುಂದಿನ ವರ್ಷ ಅವನ ಹಾಲ್‌ನಲ್ಲಿ ಇನ್ನೊಬ್ಬ. ಹ್ಯಾರಿಸ್ ಪಾರ್ಕ್ ಬೆಳೆದದ್ದು ಹೀಗೆ. ಲಿಫ್ಟ್ ಇಲ್ಲದ ಹಳೇ ಇಟ್ಟಿಗೆ ಫ್ಲ್ಯಾಟುಗಳು, ನಡೆದು ಹೋಗುವಷ್ಟು ಹತ್ತಿರ ರೈಲು, ಪಕ್ಕದಲ್ಲೇ ಪ್ಯಾರಮಾಟಾದ ಆಫೀಸುಗಳು, ಸ್ವಲ್ಪ ಆಚೆ ವೆಸ್ಟ್‌ಮೀಡ್ ಆಸ್ಪತ್ರೆ. ಅಲ್ಲಿನ ವಿಗ್ರಾಂ ಸ್ಟ್ರೀಟಿನ ಚಾಟ್ ಅಂಗಡಿಗಳೆಲ್ಲ ಆಮೇಲೆ ಬಂದವು.

ವಿಯೆಟ್ನಾಮಿನವರು ಹೆಚ್ಚಾಗಿರುವ ಸಿಡ್ನಿಯ ಕ್ಯಾಬ್ರಮಾಟಾದ ಕಥೆ ಇನ್ನೂ ಸ್ಪಷ್ಟ. 1975ರಲ್ಲಿ ಸೈಗಾನ್ ಬಿದ್ದ ಮೇಲೆ ಬಂದ ವಿಯೆಟ್ನಾಂ ನಿರಾಶ್ರಿತರಲ್ಲಿ ತುಂಬಾ ಜನರನ್ನು ಸರ್ಕಾರವೇ ಆ ಭಾಗದ ಹಾಸ್ಟೆಲ್‌ಗಳಲ್ಲಿ ಇಟ್ಟಿತ್ತು. ಹಾಸ್ಟೆಲ್ ಬಿಟ್ಟವರು ಹತ್ತಿರದಲ್ಲೇ ಅಗ್ಗದ ಮನೆ ಹಿಡಿದರು. ಅದಕ್ಕೂ 'ಗುಂಪುಗಾರಿಕೆ' ಅಂತ ಹೆಸರು ಬಂತು!

ಸಿಡ್ನಿಯದೇ ಬಡಾವಣೆಯಾದ ಕ್ರೊನುಲ್ಲಾಗೂ ರೈಲಿದೆ, ಜೊತೆಗೆ ಸಮುದ್ರ. ಆದರೆ ಬಾಡಿಗೆ ಜಾಸ್ತಿ, ಕರೆಯುವವರೂ ಇಲ್ಲ. 2005ರ ಡಿಸೆಂಬರ್‌ನಲ್ಲಿ ಅಲ್ಲಿನ ಬೀಚಿನಲ್ಲಿ ಅರಬ್ಬರಂತೆ ಕಂಡವರನ್ನೆಲ್ಲ ಅಟ್ಟಿಸಿಕೊಂಡು ಹೊಡೆದದ್ದನ್ನು ಟಿವಿಯಲ್ಲಿ ನೋಡಿದವರು ಅಷ್ಟು ಬೇಗ ಮರೆಯಲ್ಲ, ಅಲ್ವಾ?

ಸಣ್ಣ ಊರುಗಳಿಗೆ ವಲಸಿಗರು ಬರಲಿ ಅಂತ 491 ಎಂಬ ತಾತ್ಕಾಲಿಕ ವೀಸಾಕ್ಕೆ ವಲಸೆ ಅರ್ಹತೆಯ ಲೆಕ್ಕದಲ್ಲಿ 15 ಪಾಯಿಂಟ್ ಜಾಸ್ತಿ ಕೊಡುತ್ತಾರೆ. ಗಂಡನಿಗೆ ಕೆಲಸ ಸಿಕ್ಕಿ ಹೆಂಡತಿಗೆ ಸಿಗದಿದ್ದರೆ ಪರ್ಮನೆಂಟ್ ವೀಸಾ ಕೈಗೆ ಬಂದ ಕೂಡಲೇ ಗಂಟುಮೂಟೆ ಕಟ್ಟುತ್ತಾರೆ. ನ್ಯೂ ಸೌತ್ ವೇಲ್ಸ್ ಉತ್ತರ ಕರಾವಳಿಯ ಸಣ್ಣ ಊರು ವೂಲ್‌ಗೂಲ್ಗಾದ ಸಿಖ್ಖರು ಮಾತ್ರ ಯಾವ ಪಾಯಿಂಟೂ ಇಲ್ಲದೆ ಅಲ್ಲೇ ಉಳಿದರು. ಅವರು ಅಲ್ಲಿ ಬಾಳೆ ತೋಟ ಕೊಂಡಿದ್ದರು. ಗುರುದ್ವಾರ ಎದ್ದದ್ದು ಆಮೇಲೆ, 1968ರಲ್ಲಿ.

ಇಂತಿ,
ಓದುಗ, ವೆಂಟ್‌ವರ್ಥ್‌ವಿಲ್, ಸಿಡ್ನಿ