ಬಸುರಿನಲ್ಲಿ ಸಿಗರೇಟು: ಮಗುವಿನ ಡಿಎನ್‌ಎ ಮೇಲಿನ ಗುರುತು

ಎಲ್ಲರಿಗೂ ನಮಸ್ಕಾರ. ಸಿಗರೇಟಿನಿಂದ ಮಗುವಿನ ಡಿಎನ್‌ಎಯೇ ಬದಲಾಗುತ್ತಾ ಅಂತ ನಿನ್ನೆ ಇಲ್ಲಿ ಪ್ರಶ್ನೆ ಬಂದಿತ್ತು. ಇಲ್ಲಿ ಮಾತು ಡಿಎನ್‌ಎಯ ಅಕ್ಷರಗಳದ್ದಲ್ಲ, ಅವುಗಳ ಮೇಲೆ ಅಂಟಿಕೊಂಡಿರುವ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತುಗಳದ್ದು. ಯಾವ ಜೀನ್ ಎಷ್ಟು ಕೆಲಸ ಮಾಡಬೇಕು ಅನ್ನುವುದರಲ್ಲಿ ಇವುಗಳ ಪಾತ್ರ ದೊಡ್ಡದು.

2016ರಲ್ಲಿ 13 ಅಧ್ಯಯನಗಳ 6,685 ನವಜಾತ ಶಿಶುಗಳ ಮಾಹಿತಿಯನ್ನು ಸಂಶೋಧಕರು ಒಟ್ಟು ಸೇರಿಸಿ ನೋಡಿದರು. ಪರೀಕ್ಷಿಸಿದ್ದರಲ್ಲಿ ಹೆಚ್ಚಿನದು ಹೊಕ್ಕುಳಬಳ್ಳಿಯ ರಕ್ತ, ಅಂದರೆ ಮಗು ಇನ್ನೂ ಹೊರಗಿನ ಗಾಳಿಗೆ ಒಗ್ಗುವ ಮೊದಲೇ ಸಿಕ್ಕ ಸಾಕ್ಷಿ. ಅಮ್ಮ ಬಸುರಿನುದ್ದಕ್ಕೂ ಸೇದುತ್ತಿದ್ದ ಮಕ್ಕಳಲ್ಲಿ 6,000ಕ್ಕೂ ಹೆಚ್ಚು ಕಡೆ ಗುರುತುಗಳು ಬೇರೆಯಾಗಿದ್ದವು. ಎಲ್ಲಕ್ಕಿಂತ ಎದ್ದು ಕಾಣುವುದು ಎಎಚ್‌ಆರ್‌ಆರ್ ಎಂಬ ಜೀನ್. ಹೊಗೆಯ ವಿಷಗಳಿಗೆ ದೇಹ ಸ್ಪಂದಿಸುವ ವ್ಯವಸ್ಥೆಗೆ ಕಡಿವಾಣ ಹಾಕುವುದು ಇದರ ಕೆಲಸ. ಕೆಲವು ಗುರುತುಗಳು ಹದಿಹರೆಯದವರೆಗೂ ಉಳಿದಿರುತ್ತವೆ, ನನಗೆ ತುಂಬಾ ನೋವು ತಂದದ್ದು ಇದೇ. ಆದರೆ ಗುರುತು ಇದೆ ಅಂದಮಾತ್ರಕ್ಕೆ ಕಾಯಿಲೆ ಬಂದೇ ಬರುತ್ತದೆ ಅಂತಲ್ಲ, ಹೆದರಬೇಡಿ.

ಬಸುರಿನ ಶುರುವಿನಲ್ಲೇ ಬಿಟ್ಟವರ ಮಕ್ಕಳಲ್ಲಿ ಈ ವ್ಯತ್ಯಾಸ ಬಹಳ ಕಡಿಮೆ. ಬಿಡಲು ಕಷ್ಟವಾಗುತ್ತಿದ್ದರೆ ಡಾಕ್ಟರ ಹತ್ತಿರ ಮುಚ್ಚಿಡದೆ ಹೇಳಿ. ಹೇಳಿಕೊಂಡವರನ್ನು ಈ ಗುಂಪಿನಲ್ಲಿ ಯಾರೂ ಬೈಯಬೇಡಿ, ದಯವಿಟ್ಟು.